ಗಂಡಿನ ಹೆಸರಿಲ್ಲದ ಲಗ್ನಪತ್ರಿಕೆ

ಈ ಕಥೆಯನ್ನು ಮೊದಲು ಹೇಳಿದವರು ಬಸವನಗುಡಿಯ ಗೋದಮ್ಮನವರು. ಹೇಳಿದ್ದು ಕಳೆದ ಮಾಘಮಾಸದ ಒಂದು ಮಧ್ಯಾಹ್ನ. ಎದುರುಮನೆಯ ಆರಾಧನಾಳ ತಂಗಿಗೆ ಮದುವೆ ನಿಶ್ಚಯವಾಗಿ, ಸುಲ್ತಾನ್‌ಪೇಟೆಯಿಂದ ಲಗ್ನಪತ್ರಿಕೆಯ ಕಟ್ಟುಗಳು ಬಂದಿದ್ದವು. ಪತ್ರಿಕೆಗಳ ಮೂಲೆಗೆ ಅರಿಸಿನ ಹಚ್ಚಿಕೊಡಲು ಅಕ್ಕಪಕ್ಕದ ಹೆಂಗಸರು ಗೋದಮ್ಮನವರ ನಡುಮನೆಯಲ್ಲಿ ಸೇರಿದ್ದರು. ಆರಾಧನಾ ಒಂದು ಪತ್ರಿಕೆಯನ್ನು ಕೈಗೆತ್ತಿಕೊಂಡು, "ನೋಡಿ ಗೋದಮ್ಮ, ಎಷ್ಟು ಲಕ್ಷಣವಾಗಿ ಬಂದಿದೆ. ಒಂದು ಕಾಗುಣಿತದ ತಪ್ಪಿಲ್ಲ," ಎಂದಳು.

ಗೋದಮ್ಮನವರು ಕನ್ನಡಕ ಏರಿಸಿ, ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಕಾಗುಣಿತ ಸರಿ ಇರೋ ಪತ್ರಿಕೇನೂ ಒಂದು ಮನೆ ಮರ್ಯಾದೆ ಕಳೀಬಹುದು ಕಣೇ," ಎಂದು ಹೇಳತೊಡಗಿದರು. ಕಥೆಯ ಒಂದು ದೊಡ್ಡ ಪಾಲು ನಡೆದದ್ದು ಅವರದೇ ಮನೆಯ ಮುಂದಿನ ಕೋಣೆಯಲ್ಲಿ, ಅವರ ಕಣ್ಣೆದುರಿಗೆ. ಉಳಿದದ್ದನ್ನು ಅವರು ಸರ್ವಮಂಗಳೆಯಿಂದಲೂ ಹುಡುಗಿಯರಿಂದಲೂ ಕೇಳಿ ತಿಳಿದಿದ್ದರು.

ಆ ಮುಂದಿನ ಕೋಣೆಯನ್ನು ಒಂದು ಸಣ್ಣ ಸಂಸ್ಥೆ ಬಾಡಿಗೆಗೆ ಹಿಡಿದಿತ್ತು. ಹಳ್ಳಿಗಳ ಹದಿಹರೆಯದ ಹೆಣ್ಣುಮಕ್ಕಳನ್ನು ಒಂದುಗೂಡಿಸಿ, ಅವರ ಮಾತನ್ನು ಅವರೇ ಆಡುವಂತೆ ಅಣಿಗೊಳಿಸುವುದು ಸಂಸ್ಥೆಯ ಕೆಲಸ. ಸಂಸ್ಥೆ ಎಂದರೆ ಬಹುಮಟ್ಟಿಗೆ ಸರ್ವಮಂಗಳೆಯೇ. ಚಾಮರಾಜಪೇಟೆಯ ಹಳೆಯ ವ್ಯಾಪಾರದ ಮನೆತನದ ಹೆಣ್ಣು ಅವಳು. ಹಟ ಹಿಡಿದು ಈ ಕೆಲಸಕ್ಕೆ ಬಂದು, ವಾರ ತಪ್ಪದೆ ಬಸ್ಸು ಹತ್ತಿ ದೊಡ್ಡಬಳ್ಳಾಪುರದಾಚೆಯ ಹುಣಸೆಕಟ್ಟೆ ಎಂಬ ಊರಿಗೆ ಹೋಗಿ ಬರುತ್ತಿದ್ದಳು. ಅಲ್ಲಿನ ಹುಡುಗಿಯರು ಅವಳನ್ನು ಅಕ್ಕ ಎನ್ನುತ್ತಿದ್ದರು. ಅವಳಿಗೆ ಆ ಕರೆಯಲ್ಲಿದ್ದ ಹೆಮ್ಮೆ ತವರಿನ ಚಿನ್ನದಲ್ಲೂ ಇರಲಿಲ್ಲ.

ಹುಣಸೆಕಟ್ಟೆಯ ಹುಡುಗಿಯರ ಗುಂಪಿಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ದುಂಡಗೆ ಕೂರಬೇಕು, ಬಾರದವಳ ಜಾಗವನ್ನು ಖಾಲಿ ಬಿಟ್ಟು ಕೂರಬೇಕು. ಎರಡನೆಯದು, ಹೊರಗಿನವರ ಮುಂದೆ ಯಾರೇ ಬಾಯಿ ತೆರೆದರೂ 'ನಾನು' ಅನ್ನಬಾರದು, 'ನಾವು' ಅನ್ನಬೇಕು. ಒಬ್ಬಳ ಹೆಸರನ್ನು ಮುಂದೆ ಮಾಡಬಾರದು. ಈ ಎರಡನೆಯ ಕಟ್ಟಳೆ ಪೆಟ್ಟು ತಿಂದು ಕಲಿತದ್ದು. ಹೈಸ್ಕೂಲಿಗೆ ಹೋಗುವ ಬಸ್ಸು ಊರ ಮುಂದೆ ನಿಲ್ಲದೆ ಓಡುತ್ತಿದ್ದಾಗ ಸಾನ್ವಿ ಎಂಬ ಹುಡುಗಿ ಒಬ್ಬಳೇ ಡ್ರೈವರನನ್ನು ತಡೆದು ಕೇಳಿದ್ದಳು. ಸಂಜೆಯೊಳಗೆ ಅವಳ ಹೆಸರು ಊರ ಬಾಯಿಗೆ ಬಿದ್ದಿತ್ತು. ಗಂಡುಬೀರಿ ಎಂದರು, ಅಪ್ಪ ಶಾಲೆ ಬಿಡಿಸುತ್ತೇನೆಂದ. ಆಮೇಲೆ ಸರ್ವಮಂಗಳೆಯೇ ಕೂತು ಹುಡುಗಿಯರೊಂದಿಗೆ ಮಾತಾಡಿ ಈ ಕಟ್ಟಳೆಯನ್ನು ಕಟ್ಟಿದಳು. ಮುಂದೆ ಒಂದು ಬೆಳಿಗ್ಗೆ ಹುಡುಗಿಯರೆಲ್ಲ ಸಾಲಾಗಿ ರಸ್ತೆಗೆ ನಿಂತರು. ಬಸ್ಸು ನಿಂತಿತು. "ಯಾರಮ್ಮ ನಿಮ್ಮ ಲೀಡರು?" ಎಂದು ಡ್ರೈವರ್ ಗದರಿದ. "ನಾವು," ಎಂದರು ಎಲ್ಲರೂ. ಬೈಯಲು ಒಂದು ಹೆಸರು ಸಿಗದೆ ಅವನು ಬಾಗಿಲು ತೆರೆದ.

ಆ ವರ್ಷವೇ ಮಾನ್ಯ ಎಂಬವಳಿಗೆ ಮದುವೆ ಮಾಡುವ ಮಾತು ಬಂತು. ಹತ್ತನೆಯ ತರಗತಿ ಮುಗಿಸಿದ್ದ ಹುಡುಗಿ. ಕಾಲೇಜಿಗೆ ಹೋಗುವ ಆಸೆ. ಅವಳ ಸೋದರಮಾವ ಆಂಜಿನಯ್ಯ ತನ್ನ ಮಗನಿಗೆ ತಂದುಕೊಳ್ಳಬೇಕೆಂದಿದ್ದ. ಹುಡುಗಿಯರೆಲ್ಲ ಹೋಗಿ ಮಾನ್ಯಳ ಮನೆಯ ಜಗಲಿಯ ಮೇಲೆ ಕೂತರು. ಕೂಗಲಿಲ್ಲ, ಅಳಲಿಲ್ಲ, ಏಳಲೂ ಇಲ್ಲ. ಕೊನೆಗೆ ಅವಳ ಅಪ್ಪ ಮುನಿರಾಮಪ್ಪ ಹೊರಗೆ ಬಂದು ಹೇಳಿದ, "ಆಯ್ತು, ಓದ್ಲಿ. ಆದ್ರೆ ನನ್ನ ಮಗಳ ಹೆಸರು ಊರೋರ ಬಾಯಿಗೆ ಬೀಳ್ಬಾರ್ದು. ಬಿದ್ದಿದ್ ದಿನ ಕಾಲೇಜು ಬಂದ್." ಆ ಒಂದು ಮಾತಿನ ಮೇಲೆ ಮಾನ್ಯಳ ಓದು ನಿಂತಿತ್ತು. ಸರ್ವಮಂಗಳೆಗೂ ಅದು ಚೆನ್ನಾಗಿ ತಿಳಿದಿತ್ತು.

ತಿಳಿದವಳೇ ಮರೆತಳು ಎನ್ನಲಾಗದು. ಮರೆತಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ.

ಸಂಸ್ಥೆಯ ಹಿರಿಯ ಧರ್ಮದರ್ಶಿ ನಾಗಭೂಷಣ್ ಅವರದು ಮಲ್ಲೇಶ್ವರ. ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಅಚ್ಚುಕಟ್ಟಿನ ಮನುಷ್ಯ. ವಾರ್ಷಿಕ ಸಮಾರಂಭವನ್ನು ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ ಮಾಡುವುದು, 'ಯುವ ನಾಯಕಿ' ಎಂಬ ಪುರಸ್ಕಾರ ಕೊಡುವುದು ಎಂದು ಅವರು ಗೊತ್ತುಮಾಡಿದ್ದರು. ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ಕಾಫಿ ಆರಿಸಿಕೊಳ್ಳುತ್ತ, "ಹೆಸರು ಹೇಳಿ," ಎಂದರು.

"ಆ ಹುಡುಗೀರಲ್ಲಿ ಒಬ್ಬಳನ್ನ ಆರಿಸೋಕೆ ಆಗಲ್ಲ ಸರ್. ಅವರದು ಎಲ್ಲಾ ಒಟ್ಟಿಗೇ."

"ಪ್ರತಿ ವರ್ಷ ನಿಮ್ಮದು ಇದೇ ರಾಗ. ನಾವು, ನಾವು! ಶಾಲು ಹೊದಿಸೋಕೆ ಒಂದು ಹೆಗಲು ಬೇಕಲ್ರೀ ಸರ್ವಮಂಗಳಾ. ನಿಮ್ಮ 'ನಾವು'ಗೆ ಹೆಗಲೆಲ್ಲಿದೆ?"

ಜೊತೆಗೆ ಕೂತಿದ್ದ ಉಳಿದ ಧರ್ಮದರ್ಶಿಗಳು ನಕ್ಕರು. ಸರ್ವಮಂಗಳೆಯೂ ನಕ್ಕಳು. ನಗುತ್ತಲೇ ಅವಳ ಮನಸ್ಸಿನಲ್ಲಿ ಒಂದು ಚಿತ್ರ ಮೂಡಿತು: ದೀಪಗಳ ಕೆಳಗೆ ಮಾನ್ಯ, ಅವಳ ಹೆಗಲ ಮೇಲೆ ಶಾಲು, ಸಭೆಯಲ್ಲಿ ಮೊದಲ ಸಾಲಿನಲ್ಲಿ ತಾನು, ಯಾರೋ ತನ್ನನ್ನು ತೋರಿಸಿ, ಈ ಹುಡುಗಿಯನ್ನು ತಯಾರು ಮಾಡಿದವರು ಇವರೇ ಎನ್ನುವುದು. ಹುಡುಗಿಯರಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಬ್ಯಾಗಿನೊಳಗೆ ಕೈ ಹಾಕಿ ಫೋನನ್ನು ಮುಟ್ಟಿದಳು ಕೂಡ. ಏನು ಹೇಳುತ್ತಾರೆಂದು ಗೊತ್ತಿದ್ದುದರಿಂದಲೇ ಕೈ ಹೊರತೆಗೆದಳು.

"ಮಾನ್ಯ ಅಂತ ಹಾಕಿ ಸರ್," ಎಂದಳು.

ಆಹ್ವಾನಪತ್ರಿಕೆಯ ಹೊಣೆಯೂ ಅವಳದೇ ಆಯಿತು. ಅವಳ ಚಿಕ್ಕಪ್ಪ ಪ್ರಭುದೇವನಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಅಂಗಡಿಯ ಗೋಡೆ ತುಂಬ ಕೆಂಪು, ಹೊಂಬಣ್ಣದ ಮಾದರಿಗಳು. ಬಾಗಿಲಲ್ಲಿ ಬೀಗರಿಬ್ಬರು ಯಾರ ಹೆಸರು ಮೇಲೆ ಬರಬೇಕೆಂದು ವಾದಿಸುತ್ತಿದ್ದರು.

"ಬಾಮ್ಮ ಮಂಗಳಾ. ಯಾರ ಮದುವೆ?"

"ಮದುವೆ ಅಲ್ಲ ಚಿಕ್ಕಪ್ಪ, ಪುರಸ್ಕಾರ."

"ಅದೇ, ಅದೇ. ಹೆಣ್ಣಿನ ಹೆಸರು ಹೇಳು, ಅಪ್ಪನ ಹೆಸರು, ಊರು." ಪೆನ್ನು ತೆಗೆದ. "ಸೀಸನ್ ಮುಗೀತು ಕಣಮ್ಮ, ಗಟ್ಟಿ ಕಾರ್ಡು ಉಳಿದಿದೆ, ಗಣಪತಿ ಇರೋದು, ಚಿನ್ನದಂಚು. ನಮ್ಮನೆ ಹುಡುಗಿ ಕೆಲಸಕ್ಕೆ ಅದರಲ್ಲೇ ಮಾಡ್ಕೊಡ್ತೀನಿ. ನೋಡಿದೋರು ಎತ್ತಿಟ್ಕೋಬೇಕು!"

ಮರುದಿನ ಕರಡು ಅವಳ ಫೋನಿಗೆ ಬಂತು. ಅವಳು ಮೆಟ್ರೋದಲ್ಲಿ ನಿಂತು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಮುಖ್ಯ ಅತಿಥಿಗಳ ಬಿರುದು ಸರಿಯಾಗಿತ್ತು. ನಾಗಭೂಷಣ್ ಅವರ ಇನಿಷಿಯಲ್ ಸರಿಯಾಗಿತ್ತು. ನಡುವೆ ದಪ್ಪ ಅಕ್ಷರಗಳಲ್ಲಿ 'ಚಿ. ಸೌ. ಮಾನ್ಯ' ಎಂದಿತ್ತು, ಅದರ ಕೆಳಗೆ 'ಹುಣಸೆಕಟ್ಟೆಯ ಶ್ರೀ ಮುನಿರಾಮಪ್ಪನವರ ಸುಪುತ್ರಿ'. ತೀರ ಕೆಳಗೆ, 'ತಾವೆಲ್ಲರೂ ಆಗಮಿಸಿ ಹರಸಬೇಕಾಗಿ ವಿನಂತಿ'. ಚಿರಂಜೀವಿ ಸೌಭಾಗ್ಯವತಿ ಎಂದು ಹೆಸರಿಗೆ ಮುಂಚೆ ಹಾಕುವುದು ಮದುವಣಗಿತ್ತಿಗೆ. ಚಿಕ್ಕಪ್ಪನ ಅಂಗಡಿಯಲ್ಲಿ ಆಡಿ ಬೆಳೆದವಳಿಗೆ ಇದು ತಿಳಿಯದ್ದಲ್ಲ. ಆದರೆ ಅವಳ ತವರಿನಲ್ಲಿ ಹೆಣ್ಣಿನ ಹೆಸರು ಅಚ್ಚಾಗಿದ್ದರೆ ಅದು ಹಾಗೆಯೇ ಅಚ್ಚಾಗಿದ್ದದ್ದು. ಕಣ್ಣು ಆ ಎರಡಕ್ಷರಗಳನ್ನು ಅಕ್ಷರಗಳೆಂದೇ ಎಣಿಸದೆ, ಅಂಚಿನ ಬಳ್ಳಿಯಂತೆ ದಾಟಿಬಿಟ್ಟಿತು. "ಸೂಪರ್ ಆಗಿದೆ ಚಿಕ್ಕಪ್ಪ, ಪ್ರಿಂಟ್ ಮಾಡ್ಬಿಡಿ," ಎಂದು ಉತ್ತರಿಸಿದಳು.

ಪತ್ರಿಕೆ ಮನೆಗೆ ಬಂದ ದಿನ ಅವಳು ಇನ್ನೊಂದು ಕೆಲಸವನ್ನೂ ಮಾಡಿದಳು. ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟಳು. ಎರಡನೆಯದರ ನಾಲ್ಕು ಮೂಲೆಗೂ ತನ್ನ ಕೈಯಾರೆ ಅರಿಸಿನ ಹಚ್ಚಿದಳು. ಶುಭದ ಪತ್ರಿಕೆ ಬರಿದಾಗಿ ಹೊಸ್ತಿಲು ದಾಟಬಾರದು ಎಂಬುದು ಅವರ ಮನೆಯ ನಡವಳಿಕೆ. ಅದನ್ನೇ, ಗೌರವದಿಂದ, ಪ್ರೀತಿಯಿಂದ, ಮುನಿರಾಮಪ್ಪನ ಹೆಸರಿಗೆ ಅಂಚೆಯಲ್ಲಿ ಕಳಿಸಿದಳು.

ಆ ವಾರ ಹುಣಸೆಕಟ್ಟೆಯಲ್ಲಿ ಯಾರೂ ಫೋನು ಎತ್ತಲಿಲ್ಲ. ಪರೀಕ್ಷೆ ಇರಬೇಕು ಎಂದುಕೊಂಡಳು. ವಾರದ ಕೊನೆಯ ಒಂದು ಬೆಳಿಗ್ಗೆ ಅವಳು ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಹುಡುಗಿಯರು ಬಂದರು, ಒಂದು ಹಿಂಡಾಗಿ, ಶಾಲೆಯ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು. ಮೊದಲ ಬಸ್ಸು ಹಿಡಿದು, ಮೆಜೆಸ್ಟಿಕ್‌ನಲ್ಲಿ ಇಳಿದು, ದಾರಿ ಕೇಳಿಕೊಂಡು ತಾವೇ ಬಂದಿದ್ದರು.

"ಅಯ್ಯೋ, ನೀವಾ! ಹೇಳಿದ್ರೆ ನಾನೇ ಬರ್ತಿರ್ಲಿಲ್ವಾ? ಬನ್ರೇ, ಕೂತ್ಕೊಳ್ಳಿ."

ಅವರು ಕೂತರು. ಕುರ್ಚಿಗಳನ್ನು ಸರಿಸಿ ನೆಲದ ಮೇಲೆ ದುಂಡಗೆ ಕೂತರು. ಗೋದಮ್ಮನವರು ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದುಂಡಿನಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಸರ್ವಮಂಗಳೆ ವಾಡಿಕೆಯಂತೆ ಸೆರಗು ಸಿಕ್ಕಿಸಿ ಅಲ್ಲಿ ಕೂರಲು ಬಾಗಿದಳು.

"ಅದು ಮಾನ್ಯನ ಜಾಗ ಅಕ್ಕ," ಎಂದಳು ಸಾನ್ವಿ.

ಬಾಗಿದವಳು ಹಾಗೆಯೇ ನೆಟ್ಟಗಾದಳು. ಪಕ್ಕದವರು ಯಾರೂ ಸರಿದು ಜಾಗ ಮಾಡಲಿಲ್ಲ. ತನ್ನದೇ ಕಚೇರಿಯಲ್ಲಿ ಅವಳು ನಿಂತೇ ಇರಬೇಕಾಯಿತು.

ಸಾನ್ವಿ ಚೀಲದಿಂದ ಪತ್ರಿಕೆಯನ್ನು ತೆಗೆದು ನಡುವೆ ಇಟ್ಟಳು. ಮೂಲೆಗಳ ಅರಿಸಿನ ಒಣಗಿ ಬಿರುಕು ಬಿಟ್ಟಿತ್ತು. ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ತುಂಡಾಗಿ ಹೇಳಿದರು. ಅಂಚೆಯವನು ಪತ್ರಿಕೆಯನ್ನು ಹಾಲಿನ ಡೈರಿಯಲ್ಲಿ ಕೊಟ್ಟು ಹೋಗಿದ್ದ. ಅಲ್ಲಿ ಅದನ್ನು ಒಡೆದವನು ಆಂಜಿನಯ್ಯ. ಪುರಸ್ಕಾರದ ಸಾಲನ್ನು ಬಿಟ್ಟು, ಹಾಲು ಹಾಕಲು ನಿಂತವರ ಮುಂದೆ ಗಟ್ಟಿಯಾಗಿ ಓದಿದ.

"ಏನಂದ?" ಎಂದಳು ಸರ್ವಮಂಗಳೆ. ಅವಳಿಗೆ ಇನ್ನೂ ತಪ್ಪು ಕಂಡಿರಲಿಲ್ಲ.

"'ನಮ್ ಮುನಿರಾಮಪ್ಪ ಬೆಂಗ್ಳೂರಾಗೆ ಮಗಳ ಲಗ್ನ ಮಡಿಕ್ಕೊಂಡವ್ನೆ, ಸೋದರಮಾವಂಗೇ ಹೇಳಿಲ್ಲ ನೋಡ್ರಪ್ಪ. ಹೆಣ್ಣಿನ ಹೆಸರೈತೆ, ಅರಿಸಿನ ಐತೆ, ಗಂಡಿನ ಹೆಸರೇ ಇಲ್ಲ. ಆ ಜಾಗದಾಗೆ ನನ್ ಮಗನ ಹೆಸರು ಬರ್ಕೊಂಡ್ರೆ ಆಯ್ತು' ಅಂದ. ಎಲ್ರೂ ನಕ್ರು."

"ಅಂಗನವಾಡಿ ಟೀಚರು ಮನೆಗೆ ಬಂದು, ವಯಸ್ಸಾಗ್ದೆ ಮದುವೆ ಮಾಡ್ತಿದೀರಾ ಅಂತ ಕೇಳಿದ್ರು," ಎಂದಳು ಇನ್ನೊಬ್ಬಳು. "ಅವ್ರಪ್ಪ ಡೈರಿಗೆ ಬರಾದೇ ಬಿಟ್ಬಿಟ್ಟವ್ರೆ. ಕಾಲೇಜು ಬ್ಯಾಡ ಅಂದ್ಬಿಟ್ರು."

ಸರ್ವಮಂಗಳೆ ಪತ್ರಿಕೆಯನ್ನು ಎತ್ತಿಕೊಂಡು ಓದಿದಳು. ಚಿ. ಸೌ. ಎಂಬ ಅಕ್ಷರಗಳು ಈಗ ಕಂಡವು. ಒಮ್ಮೆ ಕಂಡ ಮೇಲೆ ಪತ್ರಿಕೆಯಲ್ಲಿ ಅವಲ್ಲದೆ ಬೇರೆ ಯಾವ ಅಕ್ಷರವೂ ಕಾಣಿಸಲಿಲ್ಲ. ಮೊದಲು ಬಾಯಿಗೆ ಬಂದ ಮಾತು, "ಇದು ಪ್ರೆಸ್‌ನೋರ ತಪ್ಪು ಕಣ್ರೇ!" ಎಂದು. ಅಲ್ಲೇ ಚಿಕ್ಕಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು, ಅವರೂ ಕೇಳಲಿ ಎಂದು.

"ಹೆಣ್ಣಿನ ಹೆಸರಿಗೆ ಬೇರೆ ಏನಮ್ಮ ಹಾಕ್ತಾರೆ?" ಎಂದ ಪ್ರಭುದೇವ, ಪಾಪ, ನಿಜವಾದ ಅಚ್ಚರಿಯಿಂದ. "ಕರಡು ಕಳ್ಸಿದ್ನಲ್ಲ. ಸೂಪರ್ ಆಗಿದೆ ಅಂದ್ಯಲ್ಲಮ್ಮ ನೀನೇ."

ಅವಳು ಫೋನನ್ನು ಆರಿಸಿದಳು. ಹುಡುಗಿಯರು ತಲೆ ಕೂಡಿಸಿ ಏನೋ ಪಿಸುಗುಟ್ಟಿದರು. ಯಾವ ಮಾತನ್ನು ಯಾರು ಆಡಬೇಕೆಂದು ಹೀಗೆ ಗೊತ್ತುಮಾಡಿಕೊಳ್ಳಲು ಅವರಿಗೆ ಕಲಿಸಿದವಳು ಅವಳೇ. ಆದರೆ ಆ ಪಿಸುಮಾತಿನ ಹೊರಗೆ ತಾನೊಬ್ಬಳೇ ನಿಂತು ಕಾಯುವುದು ಹೇಗಿರುತ್ತದೆಂದು ಅಂದಿನವರೆಗೆ ಅವಳಿಗೆ ತಿಳಿದಿರಲಿಲ್ಲ.

ಸಾನ್ವಿ ತಲೆಯೆತ್ತಿದಳು. "ಚಿ. ಸೌ. ಅಂತ ಪ್ರೆಸ್‌ನೋರು ಹಾಕಿದ್ರು ಅಕ್ಕ. ಮಾನ್ಯ ಅಂತ ಯಾರು ಹಾಕಿದ್ದು?"

ಹೊರಗೆ ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವಳ ಕೂಗು ತಿರುವಿನವರೆಗೂ ಕೇಳಿಸಿತು.

"ನಮ್ಮಿಂದ ತಪ್ಪಾಗಿದೆ," ಎಂದಳು ಸರ್ವಮಂಗಳೆ.

"ಯಾರಿಂದ?"

"ನಮ್ಮಿಂದ... ಸಂಸ್ಥೆಯಿಂದ. ಟ್ರಸ್ಟಿನಲ್ಲಿ ಎಲ್ಲಾರೂ ಸೇರಿ..."

"ಅಕ್ಕ," ಎಂದಳು ಸಾನ್ವಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಾವು ಅನ್ನಾದು ಒಟ್ಗೆ ನಿಂತ್ಕೊಳಕ್ಕೆ ಅಂತ ನೀವೇ ಹೇಳ್ಕೊಟ್ರಿ. ಬಚ್ಚಿಟ್ಕೊಳಕ್ಕೆ ಅಂತ ಹೇಳ್ಕೊಡ್ಲಿಲ್ಲ. ಇಲ್ಲಿ ನಾವು ಬ್ಯಾಡ. ನಾನು ಅನ್ನಿ."

ಗೋದಮ್ಮನವರು ಹೇಳುವಂತೆ, ಸರ್ವಮಂಗಳೆಯ ಮುಖ ಆಗ ನೋಡುವಂತಿರಲಿಲ್ಲ. ಅವರೇ ಕಣ್ಣು ತಗ್ಗಿಸಿದರು. ಸಭೆಗಳಲ್ಲಿ ಮೈಕು ಹಿಡಿದು ಗಂಟೆಗಟ್ಟಲೆ ಮಾತಾಡುವವಳಿಗೆ ಆ ಎರಡಕ್ಷರ ಆಡುವುದು ಎಲ್ಲಕ್ಕಿಂತ ಕಷ್ಟವಾಯಿತು. "ನಾನು," ಎಂದಳು ಕಡೆಗೆ. "ನಾನೇ ಹಾಕಿಸಿದೆ."

ಹುಡುಗಿಯರು ಮತ್ತೆ ತಲೆ ಕೂಡಿಸಿದರು. "ನಮಗೆ ಹೇಳಿದ್ರೆ ಸಾಲ್ದು," ಎಂದಳು ಸಾನ್ವಿ. "ನಾಳೆ ಸಂಜೆ ಹಾಲಿನ ಹೊತ್ಗೆ ಡೈರಿ ತಾವ ಬನ್ನಿ. ಎಲ್ಲಿ ಓದಿದ್ರೋ ಅಲ್ಲೇ ಹೇಳ್ಬೇಕು. ಮಾನ್ಯನ ಹೆಸರು ಇನ್ನೊಂದ್ ಕಡೆ ಎಲ್ಲೂ ಬರ್ಬಾರ್ದು, ಸ್ಟೇಜ್ ಮೇಲೂ ಬರ್ಬಾರ್ದು."

"ಬರ್ತೀನಿ. ತಿಂಡಿ ತರಿಸ್ತೀನಿ, ತಿಂದ್ಕೊಂಡು..."

"ಬ್ಯಾಡ ಅಕ್ಕ."

ಗೋದಮ್ಮನವರು ತಡೆಯಲಾರದೆ, "ನಾನು ಉಪ್ಪಿಟ್ಟು ಮಾಡಿದೀನಿ, ಒಳಗೆ ಬನ್ರೇ ಮಕ್ಕಳಾ," ಎಂದರು. ಹುಡುಗಿಯರು ಅದಕ್ಕೂ ಒಂದು ಸಲ ಪಿಸುಗುಟ್ಟಿಕೊಂಡರು. "ನಾವು ತಿಂತೀವಿ ಅಜ್ಜಿ. ಹೊಟ್ಟೆ ಹಸ್ದೈತೆ," ಎಂದಳೊಬ್ಬಳು. ಒಳಗೆ ಹೋಗಿ ತಟ್ಟೆ ಬಳಿದು ತಿಂದರು, ಇನ್ನೊಂದಿಷ್ಟು ಹಾಕಿಸಿಕೊಂಡರು, ತಟ್ಟೆ ತೊಳೆದಿಟ್ಟು ಹೋದರು. ಸರ್ವಮಂಗಳೆ ಮುಂದಿನ ಕೋಣೆಯಲ್ಲಿ ನಿಂತಲ್ಲೇ ನಿಂತು, ಒಳಗಿನ ತಟ್ಟೆಗಳ ಸದ್ದನ್ನು ಕೇಳುತ್ತಿದ್ದಳು.

ನಾಗಭೂಷಣ್ ಫೋನಿನಲ್ಲಿ ರೇಗಿದರು. "ಎರಡಕ್ಷರಕ್ಕೆ ಇಷ್ಟು ರಾದ್ಧಾಂತವೇನ್ರೀ? ಬೇರೆ ಪ್ರಿಂಟ್ ಹಾಕ್ಸಿ, ಕುಮಾರಿ ಅಂತ ಹಾಕ್ಸಿ!" ಕುಮಾರಿ ಎಂದರೂ ಹೆಸರು ಹೆಸರೇ ಎಂಬುದನ್ನು ಅವರಿಗೆ ತಿಳಿಸಿ ಹೇಳಲು ಅವಳಿಂದಾಗಲಿಲ್ಲ, ಮೊನ್ನೆ ತಾನೂ ಅವರ ಪಕ್ಷದಲ್ಲಿ ಕೂತು ನಕ್ಕಿದ್ದಳಲ್ಲ. ಹೆಸರು ಹಾಕಲು ತನ್ನ ಒಪ್ಪಿಗೆ ಇಲ್ಲವೆಂದಷ್ಟೇ ಹೇಳಿದಳು. ಸಮಾರಂಭ ಮುಂದೆ ನಡೆಯಿತಂತೆ. ಶಾಲು ಮುಖ್ಯ ಅತಿಥಿಗಳ ಹೆಗಲಿಗೇ ಬಿತ್ತಂತೆ.

ಹುಡುಗಿಯರು ಬಂದುಹೋದ ಮರುದಿನ ಸಂಜೆ ಅವಳು ಹುಣಸೆಕಟ್ಟೆಯ ಡೈರಿಯ ಮುಂದೆ ನಿಂತಳು. ಹಾಲಿನ ಕ್ಯಾನುಗಳು, ಸೈಕಲ್ಲುಗಳು, ಬೀಡಿಯ ಹೊಗೆ. ಆಂಜಿನಯ್ಯ ಕಟ್ಟೆಯ ಮೇಲೆ ಕಾಲಾಡಿಸುತ್ತ ಕೂತಿದ್ದ. ಹುಡುಗಿಯರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಅವಳ ಪಕ್ಕಕ್ಕೆ ಯಾರೂ ಬರಲಿಲ್ಲ. ಮುನಿರಾಮಪ್ಪನನ್ನು ಅವರೇ ಹೋಗಿ ಕರೆತಂದಿದ್ದರು. ಅವನು ಕ್ಯಾನು ಹಿಡಿದು ನೆಲ ನೋಡುತ್ತ ನಿಂತಿದ್ದ.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹೋಗಿದ್ದವು. "ಈ ಪತ್ರಿಕೇಲಿ ಮಾನ್ಯನ ಹೆಸರು ಹಾಕಿಸಿದ್ದು ನಾನು," ಎಂದಳು. "ಈ ಹುಡುಗೀರು ಬೇಡ ಅಂತಾರೆ ಅಂತ ಗೊತ್ತಿದ್ದು, ಅದಕ್ಕೇ ಕೇಳದೆ ಹಾಕಿಸಿದೆ. ತಪ್ಪು ಅಚ್ಚಾದಾಗ ನೋಡಿ, ಸರಿ ಇದೆ ಅಂದವಳು ನಾನು. ಮೂಲೆಗೆ ಅರಿಸಿನ ಹಚ್ಚಿದವಳೂ ನಾನೇ. ಇದು ಮದುವೆ ಪತ್ರಿಕೆ ಅಲ್ಲ. ಮುನಿರಾಮಪ್ಪನವರಿಗೆ ಇದೊಂದೂ ಗೊತ್ತಿರ್ಲಿಲ್ಲ. ಮಗುಗೂ ಗೊತ್ತಿರ್ಲಿಲ್ಲ."

"ಅದೆಲ್ಲ ಸರಿ ಕಣಮ್ಮೋ," ಎಂದ ಆಂಜಿನಯ್ಯ, "ಗಂಡಿನ ಹೆಸರು ಮಾತ್ರ ಯಾಕೆ ಬಿಟ್ಬಿಟ್ಟೆ?"

ಒಬ್ಬಿಬ್ಬರು ನಕ್ಕರು. ಅವಳು ನಿಂತೇ ಇದ್ದಳು. ಮುನಿರಾಮಪ್ಪ ಕ್ಯಾನನ್ನು ಕೆಳಗಿಟ್ಟ.

"ಸುಮ್ಕಿರಪ್ಪ ಬಾಮೈದ. ಆವಮ್ಮ ಊರ ಮುಂದೆ ನಿಂತು ತನ್ನ ತಪ್ಪು ಅಂತಾವ್ಳೆ. ನಾನಂತೂ ಹುಟ್ಟಿದಾಗ್ಲಿಂದ ಹಂಗೆ ಅಂದಿಲ್ಲ. ನೀನೂ ಅಂದಿದ್ ಕಾಣೆ." ಆಮೇಲೆ ಅವನು ಹುಡುಗಿಯರ ಕಡೆ ತಿರುಗಿದ. "ಕಾಲೇಜಿಗೆ ಕಳಿಸ್ತೀನಿ. ಒಬ್ಳೇ ಹೋಗಂಗಿಲ್ಲ. ನೀವು ಕರ್ಕೊಂಡೋಗಿ, ನೀವೇ ಕರ್ಕೊಂಬರ್ಬೇಕು."

"ನಾವು ಕರ್ಕೊಂಡೋಗ್ತೀವಿ," ಎಂದರು ಹುಡುಗಿಯರು.

ಸರ್ವಮಂಗಳೆಯ ಕಡೆಗೆ ಅವನು ತಿರುಗಲಿಲ್ಲ. ಹಾಲು ಹಾಕಿ ಮನೆಗೆ ಹೋದ.

ಬಸ್ಸಿಗೆ ಹೋಗುವ ದಾರಿಯಲ್ಲೇ ಮಾನ್ಯಳ ಮನೆ. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಬೈದರೆ ತಲೆ ತಗ್ಗಿಸಿ ಕೇಳೋಣ, ಅತ್ತರೆ ಸಮಾಧಾನ ಹೇಳೋಣ ಎಂದುಕೊಂಡು ಸರ್ವಮಂಗಳೆ ನಿಂತಳು. ಮಾನ್ಯ ಎರಡನ್ನೂ ಮಾಡಲಿಲ್ಲ.

"ಅಕ್ಕ, ಫೋನ್ ಮಾಡಿ ಕೇಳಿದ್ರೆ ನಾವು ಬ್ಯಾಡ ಅಂತಿದ್ವಿ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ? ಡೈರಿ ತಾವ ಅಂಗೇ ಅಂದ್ರಂತೆ."

"ಗೊತ್ತಿತ್ತು."

ಮಾನ್ಯ ತಲೆಯಾಡಿಸಿ ಒಳಗೆ ಹೋದಳು. ಈ ಕಥೆಯನ್ನು ಆಮೇಲೆ ಹೇಳುವ ಕೆಲವರು, ಹುಡುಗಿ ಒಳಗೆ ಹೋಗುವ ಮುನ್ನ ಅಕ್ಕನನ್ನು ನೋಡಿ ನಕ್ಕಳು ಎಂದು ಸೇರಿಸುತ್ತಾರೆ. ಗೋದಮ್ಮನವರು ನಕ್ಕಳೆಂದು ಹೇಳಲಿಲ್ಲ. ಬಾಗಿಲು ಹಾಕಿಕೊಂಡಳು ಎಂದರು.

ಇಷ್ಟು ಹೇಳಿ ಅವರು ಅರಿಸಿನದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆರಾಧನಾಳ ಕೈಯಲ್ಲಿದ್ದ ಪತ್ರಿಕೆಗೆ ಮೂರು ಮೂಲೆ ಹಚ್ಚಿ ಆಗಿತ್ತು.

"ಮಾನ್ಯ ಕಾಲೇಜಿಗೆ ಹೋಗ್ತಿದಾಳಾ ಗೋದಮ್ಮ?"

"ಹೋಗ್ತಿದಾಳೆ. ಬಸ್ಸಿಗೆ ಅಷ್ಟೂ ಜನ ಬರ್ತಾರಂತೆ, ಹತ್ತಿಸೋಕೆ."

"ಸರ್ವಮಂಗಳಾ?"

"ಅವಳೂ ವಾರಾ ವಾರಾ ಹೋಗ್ತಾಳೆ. ಅವರು ಒಳಗೆ ದುಂಡಗೆ ಕೂತ್ರೆ ಇವಳು ಹೊರಗೆ ಜಗಲಿ ಮೇಲೆ ಕೂತಿರ್ತಾಳಂತೆ. ಏನಾದ್ರೂ ಕೇಳೋದಿದ್ರೆ ಅವರೇ ಹೊರಗೆ ಬಂದು ಕೇಳ್ತಾರೆ."

"ಒಳಗೆ ಕರೀಲೇ ಇಲ್ವಾ?"

"ಇನ್ನೂ ಇಲ್ಲ."

ಆರಾಧನಾ ಪತ್ರಿಕೆಯನ್ನು ತಿರುಗಿಸಿ ತಂಗಿಯ ಹೆಸರನ್ನು ಬೆರಳಿಟ್ಟು ಓದಿಕೊಂಡಳು. ಆಮೇಲೆ ನಾಲ್ಕನೆಯ ಮೂಲೆಗೆ ಅರಿಸಿನ ಮುಟ್ಟಿಸಿದಳು. ಉಳಿದ ಪತ್ರಿಕೆಗಳನ್ನು ಹೆಂಗಸರು ಮುಗಿಸಿದರು. ಬೀದಿಯಲ್ಲಿ ಶಾಲೆಯ ವ್ಯಾನುಗಳ ಹಾರನ್ ಕೇಳತೊಡಗಿತ್ತು. ಕಟ್ಟುಗಳಿಗೆ ದಾರ ಸುತ್ತಿ, ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆದು, ಬಾಗಿಲಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.